ಕ್ಲಿನಿಕಲ್ ಸೈಕಾಲಜಿಯಲ್ಲಿ ಡಾಕ್ಟರೇಟ್: ಕೊಡಗಿನಿಂದ ಹೊರಡುವವರಿಗೆ ದಾರಿ

ಪಿಯುಸಿ ಮುಗಿಸಿದ ಮಕ್ಕಳು ‘ಸೈಕಾಲಜಿ ಓದಿ ಡಾಕ್ಟರ್ ಆಗ್ತೀನಿ’ ಅಂದರೆ ನಾನು ಮೊದಲು ಕೇಳುವುದು, ಯಾವ ಡಾಕ್ಟರ್? ಮಾತ್ರೆ ಬರೆಯುವವರು ಮನೋವೈದ್ಯರು. ಅದಕ್ಕೆ ಎಂಬಿಬಿಎಸ್, ಆಮೇಲೆ ಎಂ.ಡಿ. ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆಗಳ ಮೂಲಕ ತೊಂದರೆಯನ್ನು ಅಳೆಯುತ್ತಾರೆ, ವಾರಗಟ್ಟಲೆ ಎದುರು ಕೂತು ಮಾತಿನ ಚಿಕಿತ್ಸೆ ಕೊಡುತ್ತಾರೆ. ಇಲ್ಲಿ ಹೇಳುತ್ತಿರುವುದು ಇವರ ದಾರಿ.

ಮೊದಲು ಡಿಗ್ರಿ. ಪಿಯುಸಿಯಲ್ಲಿ ಆರ್ಟ್ಸ್ ಓದಿದ್ದರೂ ಬಿ.ಎ.ಯಲ್ಲಿ ಸೈಕಾಲಜಿ ತೆಗೆದುಕೊಳ್ಳಬಹುದು. ಆದರೆ ತೋಟ ನೋಡಿಕೊಂಡು ಮನೆಯಿಂದಲೇ ಓದುವ ಆಲೋಚನೆ ಬಿಡಿ. ದೂರಶಿಕ್ಷಣ ಮತ್ತು ಆನ್‌ಲೈನ್ ಸೈಕಾಲಜಿ ಕೋರ್ಸ್‌ಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2025ರ ಜುಲೈ–ಆಗಸ್ಟ್ ಸಾಲಿನಿಂದ ನಿಲ್ಲಿಸಿದೆ.

ನಂತರ 2 ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಇಲ್ಲಿ 55% ಅಂಕ ಬೇಕೇ ಬೇಕು. ಮೀಸಲಾತಿ ಇರುವವರಿಗೆ 5% ರಿಯಾಯಿತಿ ಇದೆ. ಈ ಅಂಕ ತಪ್ಪಿದರೆ ಮುಂದೆ ಪಿಎಚ್.ಡಿ. ಬಾಗಿಲೂ ಮುಚ್ಚುತ್ತದೆ.

ಹೆಚ್ಚಿನವರು ಎಡವುವುದು ಮೂರನೇ ಹೆಜ್ಜೆಯಲ್ಲಿ. ಸೈಕಾಲಜಿಯಲ್ಲಿ ಪಿಎಚ್.ಡಿ. ಮಾಡಿ ಹೆಸರಿನ ಮುಂದೆ ‘ಡಾ.’ ಹಾಕಿಕೊಂಡ ಮಾತ್ರಕ್ಕೆ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕೇಳುವುದು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐ, ಒಪ್ಪಿದ ತರಬೇತಿಯನ್ನು. ಇಷ್ಟು ವರ್ಷ ಅದು 2 ವರ್ಷದ ಪೂರ್ಣಾವಧಿ ಎಂ.ಫಿಲ್. ಆಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಹೆಸರುವಾಸಿ. ಬೆಳಿಗ್ಗೆ ಹೊರರೋಗಿಗಳ ವಿಭಾಗ, ಒಬ್ಬೊಬ್ಬರ ಕಥೆ ಕೇಳಿ ಬರೆಯುವುದು, ಮೇಲ್ವಿಚಾರಕರ ಮುಂದೆ ಅದನ್ನು ಮಂಡಿಸುವುದು, ತಪ್ಪು ತಿದ್ದಿಸಿಕೊಳ್ಳುವುದು. ಪುಸ್ತಕ ಕಲಿಸದ್ದನ್ನು ಈ ತಿದ್ದುಪಡಿ ಕಲಿಸುತ್ತದೆ. ದೇಶದಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿದರೂ, ಈ ವಿಷಯಕ್ಕೂ ಮನೋವೈದ್ಯಕೀಯ ಸಮಾಜಕಾರ್ಯಕ್ಕೂ ಮಾತ್ರ 2025–26ರ ಪ್ರವೇಶದವರೆಗೆ ಯುಜಿಸಿ ಅವಕಾಶ ಕೊಟ್ಟಿತು. ಹಾಗಾಗಿ ಫೀಸು ಕಟ್ಟುವ ಮೊದಲು ಆ ಕಾಲೇಜಿಗೆ, ಆ ಕೋರ್ಸಿಗೆ, ಆ ವರ್ಷಕ್ಕೆ ಆರ್‌ಸಿಐ ಒಪ್ಪಿಗೆ ಇದೆಯಾ ಅಂತ ಮಂಡಳಿಯ ಪಟ್ಟಿಯಲ್ಲೇ ನೋಡಿ. ಕಾಲೇಜಿನವರ ಬಾಯಿಮಾತು ಸಾಲದು.

ಇನ್ನು ಡಾಕ್ಟರೇಟ್. ಎರಡು ಬಗೆ ಇದೆ. ಸೈ.ಡಿ., ಅಂದರೆ ಡಾಕ್ಟರ್ ಆಫ್ ಸೈಕಾಲಜಿಯಲ್ಲಿ, ಚಿಕಿತ್ಸೆಗೆ ಒತ್ತು ಜಾಸ್ತಿ, ಪಿಎಚ್.ಡಿ.ಯಲ್ಲಿ ಸಂಶೋಧನೆಗೆ. ಪಿಎಚ್.ಡಿ. ಸೇರಲು ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಅಂಕ ಅಥವಾ ಪ್ರವೇಶ ಪರೀಕ್ಷೆ, ಜೊತೆಗೆ ಸಂದರ್ಶನ. ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್, ಅಂದರೆ ತರಗತಿಯಲ್ಲಿ ಕೂತು ಓದುವ ಪಾಠ, ಇರುತ್ತದೆ. ಅವಧಿ 3ರಿಂದ 6 ವರ್ಷ, ಮಹಿಳೆಯರಿಗೆ ಇನ್ನೂ 2 ವರ್ಷದವರೆಗೆ ಸಿಗಬಹುದು. ಡಿಗ್ರಿ 3, ಎಂ.ಎ. 2, ಎಂ.ಫಿಲ್. 2, ಪಿಎಚ್.ಡಿ. 3 ಅಂತ ಕೂಡಿಸಿದರೆ ಪಿಯುಸಿ ನಂತರ ಕನಿಷ್ಠ 10 ವರ್ಷ. ಮನೆಯವರಿಗೆ ಇದನ್ನು ಮೊದಲೇ ಹೇಳಿಬಿಡಿ.

ಸಂಶೋಧನೆಗೆ ವಿಷಯ ಹುಡುಕುವಾಗ ದಯವಿಟ್ಟು ಊರಿನ ಕಡೆ ನೋಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರಿಗೆ ಜೋರು ಮಳೆಯ ರಾತ್ರಿ ಹೇಗಿರುತ್ತದೆ? ಭಾಷೆಯ ವಿಚಾರವೂ ಇದೆ. ಬಿನೆ–ಕಾಮತ್ ಬುದ್ಧಿಮತ್ತೆ ಪರೀಕ್ಷೆ ರೂಪುಗೊಂಡಿದ್ದು ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ. ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ ಎರವ ಭಾಷೆ ಮಾತಾಡಿ ಬೆಳೆದ ಮಗುವಿಗೆ ಅದನ್ನೇ ಕೊಟ್ಟರೆ, ಅಳೆಯುವುದು ಬುದ್ಧಿಯನ್ನೋ ಕನ್ನಡವನ್ನೋ? ‘ದಡ್ಡ’ ಅನ್ನುವ ಹಣೆಪಟ್ಟಿ ಸುಮ್ನೆ ಅಂಟಿಬಿಡುತ್ತದೆ. ಕೊಡವ ತಕ್ಕ್, ಅರೆಭಾಷೆ ಮನೆಮಾತಾದ ಅಜ್ಜಿಯರೂ ದುಃಖ ಹೇಳಿಕೊಳ್ಳುವುದು ತಮ್ಮ ಮಾತಿನಲ್ಲೇ ಅಲ್ವಾ? ಈ ಮಾತುಗಳು ಗೊತ್ತಿರುವ ನೀವು ಇಂಥ ಪರೀಕ್ಷೆಗಳನ್ನು ತಿದ್ದುವ ಕೆಲಸಕ್ಕೆ ಕೈಹಾಕಬಹುದು. ರೋಗಿಗಳನ್ನು ಮಾತಾಡಿಸುವ ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಪಡೆಯಲು ಮರೆಯಬೇಡಿ.

ಪ್ರಬಂಧ ಒಪ್ಪಿಸಿ, ಮೌಖಿಕ ಪರೀಕ್ಷೆ ಮುಗಿಸಿ, ಪದವಿ ಕೈಗೆ ಬಂದ ಮೇಲೂ ಆರ್‌ಸಿಐ ನೋಂದಣಿಯನ್ನು ಆಗಾಗ ನವೀಕರಿಸಬೇಕು. ಅದಕ್ಕೆ ಕಾರ್ಯಾಗಾರಗಳಿಗೆ ಹೋಗಿ ಅಂಕ ಕೂಡಿಸಿಕೊಳ್ಳಬೇಕು. ಪ್ರತಿ ಕಾರ್ಯಾಗಾರದ ಪ್ರಮಾಣಪತ್ರವನ್ನೂ ಒಂದೇ ಫೈಲ್‌ನಲ್ಲಿ ಜೋಪಾನವಾಗಿಡಿ.