ಉದ್ಘೋಷಕನಾಗಿದ್ದೆ, ಆಮೇಲೆ ಕುರ್ಚಿ ಕೊಟ್ಟರು

ನಾನು ರೇಡಿಯೊ ಕೆಲಸಕ್ಕೆ ಸೇರಿದ ಕಾಲದಲ್ಲಿ ಮಾತನ್ನು ಬ್ಲೇಡಿನಿಂದ ಕತ್ತರಿಸುತ್ತಿದ್ದೆವು. ತಮಾಷೆಯಲ್ಲ, ಗಡ್ಡ ಹೆರೆಯುವ ಬ್ಲೇಡೇ. ಕಾಲಿಂಚು ಅಗಲದ ಟೇಪು ಸೆಕೆಂಡಿಗೆ 7.5 ಇಂಚಿನಂತೆ ಓಡುತ್ತಿತ್ತು. ಅರ್ಧ ಸೆಕೆಂಡಿನ ಕೆಮ್ಮು ಅಂದರೆ ಟೇಪಿನ ಮೇಲೆ ಹೆಚ್ಚು ಕಡಿಮೆ ಒಂದು ಅಂಗೈ ಅಗಲ. ಎರಡೂ ರೀಲುಗಳನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಹಿಂದಕ್ಕೆ ಮುಂದಕ್ಕೆ ಆಡಿಸಬೇಕು. ಸ್ಪೀಕರಿನಿಂದ ಗೊರಗೊರ ಅಂತ ಸದ್ದು ಬರುತ್ತದೆ. ಆ ಗೊರಗೊರದೊಳಗೆ ಕೆಮ್ಮು ಎಲ್ಲಿ ಶುರುವಾಯಿತು ಅಂತ ಕಿವಿಯೇ ಹುಡುಕಬೇಕು. ಸಿಕ್ಕ ಜಾಗದಲ್ಲಿ ಮೇಣದ ಪೆನ್ಸಿಲಿನಿಂದ ಒಂದು ಗೆರೆ. ಆಮೇಲೆ ಟೇಪನ್ನು ಅಚ್ಚಿನ ಸಂದಿಯಲ್ಲಿ ಕೂರಿಸಿ 45 ಡಿಗ್ರಿ ಓರೆಯಾಗಿ ಕೊಯ್ಯುವುದು. ನೇರವಾಗಿ ಕೊಯ್ದರೆ ಜೋಡಿಸಿದ ಕಡೆ ‘ಟಕ್’ ಅನ್ನುತ್ತದೆ. ಬ್ಲೇಡಿಗೆ ಕಾಂತಶಕ್ತಿ ಹತ್ತಿದ್ದರೂ ಅಷ್ಟೇ.

ಈ ಕೆಲಸ ಕೈಗೆ ಕೂತ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂತು. ಒಮ್ಮೆ ವಯಸ್ಸಾದ ಶಿಲ್ಪಿಯೊಬ್ಬರ ಸಂದರ್ಶನ ಎಡಿಟ್ ಮಾಡಲು ಕೊಟ್ಟರು. ಅಜ್ಜ ಎರಡು ಮಾತಾಡಿ ನಿಲ್ಲಿಸುತ್ತಿದ್ದರು, ಉಸಿರೆಳೆಯುತ್ತಿದ್ದರು, ಮತ್ತೆ ಶುರು. ಇಡೀ ಮಧ್ಯಾಹ್ನ ಕೂತು ಆ ಉಸಿರನ್ನೆಲ್ಲ ಕಿತ್ತು ಹಾಕಿದೆ. 20 ನಿಮಿಷದ ಮಾತು 14ಕ್ಕೆ ಇಳಿಯಿತು. ಹಿರಿಯರೊಬ್ಬರು ಬಂದು ಕೇಳಿಸಿಕೊಂಡರು. ಎರಡು ನಿಮಿಷ ಆಗುವಷ್ಟರಲ್ಲಿ ಮಷೀನು ನಿಲ್ಲಿಸಿ, ‘ಏನಪ್ಪಾ, ಇವರೇನು ಉಸಿರೇ ಆಡಲ್ವಾ?’ ಅಂದು ಹೊರಟುಹೋದರು.

ಕಸದ ಬುಟ್ಟಿ ಬಗ್ಗಿಸಿದೆ. ಸುರುಳಿ ಸುತ್ತಿಕೊಂಡು ಬಿದ್ದಿದ್ದ ಚೂರುಗಳನ್ನು ಹೆಕ್ಕಿ, ಒಂದೊಂದನ್ನೂ ಮಷೀನಿನಲ್ಲಿ ಟೇಪಿನ ಸದ್ದು ಓದುವ ಹೆಡ್ಡಿನ ಮೇಲೆ ಎಳೆದು ಕೇಳಿದೆ. ಯಾವ ಉಸಿರು ಯಾವ ಮಾತಿನದು ಅಂತ ಹೊಂದಿಸುವಷ್ಟರಲ್ಲಿ ರಾತ್ರಿಯಾಗಿತ್ತು. ಒಂದೆರಡು ತಿರುಗುಮುರುಗಾಗಿ ಅಂಟಿಕೊಂಡವು. ತಿರುಗಿಸಿ ಹಾಕಿದ ಉಸಿರು ಬಿಕ್ಕಳಿಕೆಯ ಹಾಗೆ ಕೇಳುತ್ತದೆ, ಗೊತ್ತಾ?

ಉದ್ಘೋಷಕನಾಗಿ ಕಳೆದ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದನ್ನು ಎಲ್ಲರೂ ಹೇಳುತ್ತಾರೆ. ಹಾಳೆ ಸದ್ದಾಗದಂತೆ ಪಕ್ಕಕ್ಕೆ ಸರಿಸುವುದು, ಮೈಕಿಗೆ ತುಸು ಓರೆಯಾಗಿ ಕೂತು ‘ಪ’ ‘ಫ’ ಸಿಡಿಯದಂತೆ ನೋಡಿಕೊಳ್ಳುವುದು, ಇವೆಲ್ಲ ತಿಂಗಳೊಪ್ಪತ್ತಿನಲ್ಲಿ ಬರುತ್ತವೆ. ಬೇಗ ಬಾರದ್ದು ಹಿಂದಿನಿಂದ ಲೆಕ್ಕ ಹಾಕುವುದು. ಗಂಟೆಗೆ ಸರಿಯಾಗಿ ಸುದ್ದಿ ಶುರುವಾಗಬೇಕು. ಕೊನೆಯ ಹಾಡು 3 ನಿಮಿಷ 40 ಸೆಕೆಂಡು ಇದ್ದರೆ ಅದನ್ನು 56 ನಿಮಿಷ 20 ಸೆಕೆಂಡಿಗೆ ಬಿಡಬೇಕು. ಅದಕ್ಕೆ ಮುಂಚಿನ ಮಾತು ಅಷ್ಟರೊಳಗೆ ಮುಗಿಯಬೇಕು. ಈಗಲೂ ಮದುವೆ ಮನೆಗೆ ಹೊರಡುವಾಗ ನಾನು ಹಿಂದಿನಿಂದಲೇ ಎಣಿಸುತ್ತೇನೆ, ಮನೆಯವರಿಗೆ ತಲೆನೋವು.

ನಿಲಯದ ಮುಖ್ಯಸ್ಥನಾದ ದಿನ ಮೊದಲು ಬದಲಾದದ್ದು ಸರ್ವನಾಮ. ಹಿಂದಿನ ದಿನದ ತನಕ ‘ಲೇ, ಬಾರೋ’ ಅನ್ನುತ್ತಿದ್ದ ಗೆಳೆಯ ಬಾಗಿಲಲ್ಲಿ ನಿಂತು, ‘ಸರ್, ಒಳಗೆ ಬರಬಹುದಾ?’ ಅಂದ. ನಾನೂ ಪೆದ್ದನ ಹಾಗೆ ‘ಬನ್ನಿ’ ಅಂದುಬಿಟ್ಟೆ. ಅವನು ಬೆಳಗಿನ ಪಾಳಿಗೆ ಯಾವತ್ತೂ ತಡ. ಜೊತೆಗಿದ್ದಾಗ ಅವನು ಬರುವ ತನಕ ಇನ್ನೊಂದು ಹಾಡು ಹಾಕಿ ನಾನೇ ಕಾಪಾಡುತ್ತಿದ್ದೆ. ಈಗ ಅದೇ ತಪ್ಪಿಗೆ ಮೆಮೊ ಬರೆಯಬೇಕಾಯಿತು. ಬರೆದೆ. ಅವನು ಸಮಯಕ್ಕೆ ಬರತೊಡಗಿದ, ಆದರೆ ನನ್ನ ಜೊತೆ ಕಾಫಿಗೆ ಬರುವುದನ್ನು ಬಿಟ್ಟ.

ಕುರ್ಚಿಯಲ್ಲಿ ಕೂತರೆ ಹಳೆಯ ಸಂಗತಿಗಳೇ ಬೇರೆ ಮುಖ ತೋರಿಸುತ್ತವೆ. ಮೀಡಿಯಂ ವೇವ್ ಪ್ರಸಾರ ರಾತ್ರಿ ಬಲು ದೂರ ಹೋಗುತ್ತದೆ. ಹಗಲಿನಲ್ಲಿ ಮೇಲಿನ ಗಾಳಿಯ ಒಂದು ಪದರ ಆ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಇಲ್ಲವಾಗಿ, ಅದಕ್ಕಿಂತ ಮೇಲಿನ ಪದರ ಅಲೆಗಳನ್ನು ನೆಲಕ್ಕೆ ವಾಪಸು ಕಳಿಸುತ್ತದೆ. ಉದ್ಘೋಷಕನಾಗಿದ್ದಾಗ ನೂರಾರು ಮೈಲಿ ಆಚೆಯಿಂದ ‘ನಿನ್ನೆ ರಾತ್ರಿ ನಿಮ್ಮ ದನಿ ಕೇಳಿತು’ ಅಂತ ಕಾಗದ ಬಂದರೆ ಊಟ ಸೇರುತ್ತಿರಲಿಲ್ಲ, ಅಷ್ಟು ಖುಷಿ. ಮುಖ್ಯಸ್ಥನಾದ ಮೇಲೆ ಅದೇ ಕಾರಣಕ್ಕೆ ದೂರಿನ ಕಾಗದ: ‘ರಾತ್ರಿ ನಿಮ್ಮ ಮೇಲೆ ಬೇರೆ ಯಾರೋ ಮಾತಾಡುತ್ತಾರೆ.’ ದೂರದ ಇನ್ನೊಂದು ನಿಲಯಕ್ಕೂ ಆಕಾಶ ಅದೇ ಉಪಕಾರ ಮಾಡುತ್ತಿತ್ತಲ್ಲ!

ಜನರೇಟರಿನದು ಇನ್ನೊಂದು ಕಥೆ. ಪ್ರತಿ ವಾರ ಶುರು ಮಾಡಿ ನೋಡಿ, ರಿಜಿಸ್ಟರಿನಲ್ಲಿ ‘ಸರಿ ಇದೆ’ ಅಂತ ಬರೆಯುತ್ತಿದ್ದರು. ಒಂದು ಸಂಜೆ ಕರೆಂಟು ಹೋಯಿತು. ಜನರೇಟರು ಗುಡುಗಿಕೊಂಡು ಎದ್ದಿತು, ಟ್ರಾನ್ಸ್‌ಮಿಟರಿನ ಭಾರ ಬಿದ್ದ ಕೂಡಲೇ ಮಲಗಿತು. ಪರೀಕ್ಷೆ ಮಾಡುವಾಗ ಭಾರ ಹೊರಿಸಿಯೇ ಇರಲಿಲ್ಲ. ಪ್ರತಿ ವಾರ ಆ ರಿಜಿಸ್ಟರಿಗೆ ರುಜು ಹಾಕುತ್ತಿದ್ದವನು ನಾನು.

ರುಜು ಅಂದಾಗ ನೆನಪಾಯಿತು. ಟೇಪು ಹೋಗಿ ಕಂಪ್ಯೂಟರು ಬಂದ ಮೇಲೆ ಮೌನ ಪತ್ತೆ ಮಾಡುವ ಯಂತ್ರ ಹಾಕಿಸಿದೆವು. ಪ್ರಸಾರದಲ್ಲಿ ಸದ್ದು ನಿಂತು ಇಂತಿಷ್ಟು ಸೆಕೆಂಡಾದರೆ ಅದು ತಾನಾಗಿ ಬದಲಿ ಹಾಡು ಶುರು ಮಾಡುತ್ತದೆ. ಎಂಜಿನಿಯರುಗಳು 90 ಸೆಕೆಂಡು ಇಟ್ಟಿದ್ದರು. ಮೀಟಿಂಗಿನಲ್ಲಿ ನಾನೇ, ‘ಅಷ್ಟು ಹೊತ್ತು ಯಾರು ಕಾಯ್ತಾರೆ? 20 ಸಾಕು’ ಅಂದೆ. ರುಜು ಹಾಕಿದೆ.

ಕೆಲವು ತಿಂಗಳ ಮೇಲೆ ಹಿರಿಯ ಕಲಾವಿದರೊಬ್ಬರು ತೀರಿಕೊಂಡರು. ನೇರಪ್ರಸಾರದಲ್ಲಿ ನಮನ, ಕೊನೆಗೆ ಒಂದು ನಿಮಿಷ ಮೌನ. ನಾನು ನನ್ನ ಕೋಣೆಯಲ್ಲಿ ರೇಡಿಯೊ ಹಚ್ಚಿಕೊಂಡು ಎದ್ದು ನಿಂತಿದ್ದೆ. ಗೋಡೆ ಗಡಿಯಾರದ ಮುಳ್ಳು ನೋಡುತ್ತಾ ಹದಿನೆಂಟು, ಹತ್ತೊಂಬತ್ತು ಅನ್ನುವಾಗ ಹೊಟ್ಟೆಯೊಳಗೆ ಧಸಕ್ ಅಂದಿತು. ಓಡುವುದಕ್ಕೂ ಹೊತ್ತಿರಲಿಲ್ಲ. ಇಪ್ಪತ್ತಕ್ಕೆ ಸರಿಯಾಗಿ ತಮಟೆ ಬಡಿದು ಕುಣಿಯುವ ಹಾಡು ಶುರುವಾಯಿತು. ಸ್ಟುಡಿಯೊದಲ್ಲಿದ್ದ ಹುಡುಗಿ ಪಾಪ ತಲೆ ತಗ್ಗಿಸಿ ನಿಂತಿದ್ದಳು. ಅವಳ ಹೆಡ್‌ಫೋನಿಗೆ ಬರುತ್ತಿದ್ದದ್ದು ಸ್ಟುಡಿಯೊದ ಸದ್ದು. ಹೊರಗೆ ಹೋಗುತ್ತಿದ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಫೋನುಗಳು ಶುರುವಾದವು. ಬೇರೆ ಯಾರಿಗೂ ಎತ್ತಲು ಬಿಡಲಿಲ್ಲ, ಅಷ್ಟನ್ನಾದರೂ ಮಾಡಿದೆ. ಬೈದವರೇ ಜಾಸ್ತಿ. ಒಬ್ಬರು ವಯಸ್ಸಾದ ಹೆಂಗಸು ಮಾತ್ರ ಬೈಯಲಿಲ್ಲ. ‘ಒಂದು ನಿಮಿಷಕ್ಕೂ ಅವಸರಾನಾ ನಿಮಗೆ?’ ಅಂತ ಕೇಳಿ ಫೋನಿಟ್ಟರು.

ಮಾರನೆಯ ದಿನ ಯಂತ್ರವನ್ನು 90ಕ್ಕೆ ವಾಪಸು ಮಾಡಿಸಿದೆ. ಪಕ್ಕದಲ್ಲಿ ಅದನ್ನು ಆರಿಸಿಡುವ ಒಂದು ಸ್ವಿಚ್ಚು ಹಾಕಿಸಿ, ಕೆಳಗೆ ನನ್ನದೇ ಕೈಬರಹದಲ್ಲಿ ‘ಮೌನಕ್ಕೆ’ ಅಂತ ಚೀಟಿ ಅಂಟಿಸಿದೆ. ನಾನು ನಿವೃತ್ತನಾಗುವ ತನಕ ಅದನ್ನು ಒತ್ತಿದ್ದು ನಾಲ್ಕೇ ಸಲ.