ಹಿತ್ತಿಲಿಗೊಂದು ಅಪ್ಪೆಮಿಡಿ ಮರ: ಆಯ್ಕೆ, ನಾಟಿ, ಆರೈಕೆ

ಉಪ್ಪಿನಕಾಯಿಗೋ ಮುರಬ್ಬಕ್ಕೋ ಒದಗುವ ಹುಳಿಕಾಯಿಯ ಮರವೊಂದು ಹಿತ್ತಿಲಿನಲ್ಲಿರಲಿ ಎಂಬ ಆಸೆಯಿಂದ ಕ್ವಿನ್ಸ್, ಸೇಬಿನಂತಹ ಚಳಿನಾಡಿನ ಗಿಡಗಳನ್ನು ತರಿಸಿ ನೆಡುವವರಿದ್ದಾರೆ. ಆ ಗಿಡಗಳ ಮೊಗ್ಗು ಸರಿಯಾಗಿ ಒಡೆಯಬೇಕಾದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ನೂರಾರು ಗಂಟೆ ಸಿಗಬೇಕು. ಮಾಗಿಯ ಚಳಿ ಎಷ್ಟೇ ಕಚ್ಚಿದರೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಅಷ್ಟು ತಂಪು ಒದಗುವುದಿಲ್ಲ. ಶರಾವತಿ, ವರದಾ, ಕುಮುದ್ವತಿ ಹೊಳೆಗಳ ಅಂಚಿನಲ್ಲಿ ತಾನಾಗಿ ಬೆಳೆದು, ನಮ್ಮ ಮಳೆಗೂ ಮಣ್ಣಿಗೂ ಒಗ್ಗಿರುವ ಅಪ್ಪೆಮಿಡಿಯನ್ನೇ, ಅಂದರೆ ಎಳೆಗಾಯಿಯನ್ನು ಉಪ್ಪಿನಕಾಯಿಗೆ ಬಳಸುವ ಘಮದ ಮಾವನ್ನೇ ನೆಡುವುದು ಲೇಸೆಂದು ನಾನು ಖಂಡಿತವಾಗಿ ಹೇಳುತ್ತೇನೆ.

ಅಪ್ಪೆಮಿಡಿ ಎಂಬುದು ಒಂದೇ ತಳಿಯ ಹೆಸರಲ್ಲ. ಒಂದೊಂದು ತಾಯಿಮರವೂ ಒಂದೊಂದು ತಳಿಯೇ ಆಗಿದ್ದು, ವಾಸನೆಯಿಂದಲೋ ಊರಿನಿಂದಲೋ ಮರವಿದ್ದ ಮನೆಯವರಿಂದಲೋ ಹೆಸರು ಪಡೆದಿದೆ. ಜೀರಿಗೆಯ ಘಮವಿರುವುದು ಜೀರಿಗೆ ಅಪ್ಪೆ, ಕರ್ಪೂರದ ಪರಿಮಳವಿರುವುದು ಕರ್ಪೂರದ ಅಪ್ಪೆ. ಮಾಳಂಜಿ ಅಪ್ಪೆ, ಅನಂತಭಟ್ಟನ ಅಪ್ಪೆ ಎಂಬ ಹೆಸರುಗಳನ್ನು ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಕೇಳದವರಿಲ್ಲ. ಮಲೆನಾಡಿನ ಈ ಮಿಡಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ.

ತಳಿಯ ಗುಣವೆಲ್ಲ ಇರುವುದು ಸೊನೆಯಲ್ಲಿ. ಆದ್ದರಿಂದ ಗಿಡ ಕೊಳ್ಳುವ ಮೊದಲು, ಸಾಧ್ಯವಿದ್ದರೆ ಫಾಲ್ಗುಣದ ಹೊತ್ತಿಗೆ, ತಾಯಿಮರದ ಬಳಿಗೇ ಹೋಗಿ ನೋಡಬೇಕು. ಎಳೆಯ ಮಿಡಿಯ ತೊಟ್ಟನ್ನು ಮುರಿದರೆ ತಿಳಿಯಾದ ಸೊನೆ ಮಣಿಯಂತೆ ಉಕ್ಕಿ ಬರುತ್ತದೆ. ಅದನ್ನು ಮುಖಕ್ಕೆ ತಾಗಿಸದೆ, ಒಂದು ಎಲೆಯ ಮೇಲೆ ಇಳಿಸಿಕೊಂಡು ಮೂಸಬೇಕು. ಸೊನೆ ಚರ್ಮಕ್ಕೆ ತಾಗಿದಲ್ಲಿ ಸುಟ್ಟಂತೆ ಕಪ್ಪಾಗಿ ಗಾಯವಾಗುವುದುಂಟು. ಸೊನೆ ಹೇರಳವಾಗಿದ್ದು ಘಮ ಗಾಢವಾಗಿದ್ದರೆ ಆ ಮಿಡಿ ಭರಣಿಯಲ್ಲಿ ಬಹುಕಾಲ ಗಟ್ಟಿಯಾಗಿ ಉಳಿಯುತ್ತದೆ. ಮರದಲ್ಲಿ ಮಿಡಿ ಇಲ್ಲದ ಕಾಲದಲ್ಲಿ ಹೋದರೆ ಎಳೆ ಚಿಗುರನ್ನು ಹೊಸಕಿ ಮೂಸಬಹುದು. ಇದು ಮಿಡಿಯಷ್ಟು ನಿಖರವಲ್ಲದಿದ್ದರೂ ಜೀರಿಗೆ ಜಾತಿಯನ್ನು ಗುರುತಿಸಲು ಸಾಕಾಗುತ್ತದೆ.

ಓಟೆಯಿಂದ, ಅಂದರೆ ಮಾವಿನ ಗೊರಟಿನಿಂದ ಎಬ್ಬಿಸಿದ ಸಸಿಯನ್ನು ನೆಡಬಾರದು. ಮಾವಿನ ಹೂವಿಗೆ ನೊಣ ಮತ್ತಿತರ ಕೀಟಗಳು ಬೇರೆ ಮರದ ಪರಾಗವನ್ನು ತಂದಿರುತ್ತವೆಯಾದ್ದರಿಂದ, ಅಂತಹ ಸಸಿ ತಾಯಿಯ ಘಮವನ್ನು ಹೊತ್ತೇ ಬರುತ್ತದೆಂಬ ಭರವಸೆಯಿಲ್ಲ. ಕಸಿಯೆಂದು ನಂಬಿ ತಂದ ಗಿಡವೊಂದನ್ನು ನಾನು ಒಂಬತ್ತು ವರ್ಷ ಸಾಕಿದೆ. ಮೊದಲ ಮಿಡಿ ಕೊಯ್ದ ದಿನ ತೊಟ್ಟು ಮುರಿದರೆ ಬರಿಯ ಹುಳಿ ಮಾವಿನ ವಾಸನೆ ಬಂತು. ಅಂದು ಕೊಳ್ಳುವಾಗ ಬುಡದಿಂದ ಒಂದು ಗೇಣಿನ ಎತ್ತರದಲ್ಲಿ ಕಸಿಯ ಗಂಟಿದೆಯೇ ಎಂದು ಬೆರಳಾಡಿಸಿ ನೋಡಿದ್ದರೆ ಅಷ್ಟು ವರ್ಷ ವ್ಯರ್ಥವಾಗುತ್ತಿರಲಿಲ್ಲ. ಕಾಟು ಮಾವಿನ, ಅಂದರೆ ಕಾಡುಮಾವಿನ ಸಸಿಯ ಎಳೆ ಕಾಂಡಕ್ಕೆ ತಾಯಿಮರದ ಕುಡಿಯನ್ನು ಕೂಡಿಸಿ ಮೃದುಕಾಂಡ ಕಸಿ ಮಾಡಿದ, ಗಂಟು ಚೆನ್ನಾಗಿ ಕೂಡಿಕೊಂಡು ಅದರ ಮೇಲೆ ಎರಡು ಸಲವಾದರೂ ಚಿಗುರು ಬಂದಿರುವ ಗಿಡವನ್ನೇ ಆರಿಸಬೇಕು. ಕಸಿಯ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದುಕೊಂಡಿದ್ದರೆ ನೆಡುವ ಮೊದಲು ಬಿಚ್ಚಬೇಕು. ಗಂಟಿನ ಕೆಳಗೆ ಮೂಡುವ ಚಿಗುರೆಲ್ಲ ಕಾಟು ಮಾವಿನದು. ಅದನ್ನು ಕಂಡಕೂಡಲೇ ಚಿವುಟಬೇಕು.

ಜಾಗದ ವಿಷಯದಲ್ಲಿ ನಮ್ಮಲ್ಲಿ ಆಗುವ ದೊಡ್ಡ ತಪ್ಪೆಂದರೆ ಅಡಕೆ ತೋಟದೊಳಗೆ ನೆಡುವುದು. ಅಲ್ಲಿಯ ನೆರಳು ಮತ್ತು ಸದಾ ಹಸಿಯಾದ ನೆಲದಲ್ಲಿ ಮರ ಸೊಕ್ಕಿ ಬೆಳೆದೀತೇ ಹೊರತು ಹೂ ಬಿಡುವುದಿಲ್ಲ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ, ನೀರು ಇಳಿದುಹೋಗುವ ಜಂಬಿಟ್ಟಿಗೆ ನೆಲದ ಇಳಿಜಾರು ಉತ್ತಮ. ಮನೆಯ ಗೋಡೆಯಿಂದಲೂ ಬೇರೆ ಮರಗಳಿಂದಲೂ 8 ಮೀಟರ್ ಬಿಡಬೇಕು. ಮಂಗನ ಕಾಟವಿರುವ ಊರಿನಲ್ಲಿ ಮನೆಯಿಂದ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ ನೆಡುವುದು ವಿವೇಕ.

ಬೇಸಿಗೆಯಲ್ಲಿಯೇ ಉದ್ದ, ಅಗಲ, ಆಳ ಮೂರು ಅಡಿಯ ಗುಂಡಿ ತೋಡಿ ಬಿಸಿಲಿಗೆ ಒಡ್ಡಿ, ಮೇಲ್ಮಣ್ಣಿಗೆ ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನೆಲಮಟ್ಟಕ್ಕಿಂತ ಅರ್ಧ ಅಡಿ ದಿಬ್ಬವಾಗುವಂತೆ ತುಂಬಬೇಕು. ಬಯಲುಸೀಮೆಯವರು ಮುಂಗಾರು ಹಿಡಿದೊಡನೆ ನೆಡುತ್ತಾರೆ. ನಮ್ಮಲ್ಲಿ ಪುನರ್ವಸು, ಪುಷ್ಯ ಮಳೆಗಳು ಹೊಸ ಗುಂಡಿಯನ್ನು ಕೆರೆಯಾಗಿಸಿ ಎಳೆ ಬೇರನ್ನು ಕೊಳೆಸಿಬಿಡುತ್ತವೆ. ಆದ್ದರಿಂದ ಮಘೆ ಮಳೆಯ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಲ್ಲಿ ನೆಟ್ಟು, ಎರಡು ಬೇಸಿಗೆ ತಪ್ಪದೆ ವಾರಕ್ಕೆರಡು ಸಲ ನೀರುಣಿಸುವುದನ್ನೇ ನಾನು ಒಪ್ಪುತ್ತೇನೆ. ಕಸಿಯ ಗಂಟು ಮಣ್ಣಿನಿಂದ ಮೇಲಿರಬೇಕು. ಬುಡಕ್ಕೆ ದರಗು (ಒಣಗಿದ ಎಲೆ) ಅಥವಾ ಅಡಕೆ ಸಿಪ್ಪೆಯನ್ನು ಕಾಂಡಕ್ಕೆ ತಾಗದಂತೆ ಹೊದಿಸಬೇಕು. ತಾಗಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಮೊದಲ ಬೇಸಿಗೆಯಲ್ಲಿ ಪಡುವಣ ಬಿಸಿಲಿಗೆ ಅಡಕೆ ಸೋಗೆಯ ಮರೆ ಕಟ್ಟಬೇಕು.

ಕಸಿ ಗಿಡ ಎರಡನೆಯ ವರ್ಷವೇ ಹೂ ಬಿಡುವುದುಂಟು. ಎಷ್ಟೇ ಆಸೆಯಿದ್ದರೂ ಮೂರು ವರ್ಷ ಹೂಗೊಂಚಲನ್ನು ಕಿತ್ತುಬಿಡಬೇಕು, ಇಲ್ಲವಾದರೆ ಗಿಡ ಕುಂಠಿತವಾಗುತ್ತದೆ. ಎದೆಯೆತ್ತರದೊಳಗೆ ಮೂರು ನಾಲ್ಕು ಕೊಂಬೆಗಳು ಸುತ್ತಲೂ ಹರಡುವಂತೆ ತುದಿ ಚಿವುಟಿ ಬೆಳೆಸಿದರೆ ಮುಂದೆ ಏಣಿಯಿಂದಲೇ ಕೊಯ್ಯಬಹುದು. ಮುಗಿಲು ಮುಚ್ಚಿ ಇಬ್ಬನಿ ಸುರಿಯುವ ದಿನಗಳಲ್ಲಿ ಹೂವಿಗೆ ಬೂದಿರೋಗ ಬೀಳುತ್ತದೆ. ಹೂ ಅರಳುವ ಮೊದಲೇ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕ ಹಾಕಿ ಸಿಂಪಡಿಸಬೇಕು. ಎಲೆಯ ಚಿಬ್ಬುರೋಗಕ್ಕೆ ಅಡಕೆಯ ಕೊಳೆಗೆಂದು ಮಾಡುವ ಶೇ 1ರ ಬೋರ್ಡೋ ದ್ರಾವಣವೇ (ಮೈಲುತುತ್ತ, ಸುಣ್ಣ ಬೆರೆಸಿದ ನೀರು) ಸಾಕು. ಕಾಂಡದಿಂದ ಹುಡಿ ಉದುರುತ್ತಿದ್ದರೆ ಕೊರಕ ಹುಳು ಒಳಗಿದೆಯೆಂದು ತಿಳಿದು, ತಂತಿಯಿಂದ ಚುಚ್ಚಿ ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ತೂತಿಗೆ ತುರುಕಿ ಮಣ್ಣು ಮೆತ್ತಬೇಕು. ಕೊಂಬೆಗೆ ಬೇರೂರಿ ಮರದ ಸಾರ ಹೀರುವ ಬಂದಳಿಕೆ ಗಿಡ ಕಂಡರೆ ಅದು ಹಿಡಿದ ಕೊಂಬೆಯನ್ನೇ ಕತ್ತರಿಸಬೇಕು.

ನಾಲ್ಕೈದು ವರ್ಷಗಳಲ್ಲಿ ಮಿಡಿ ಸಿಗತೊಡಗುತ್ತದೆ. ಓಟೆ ಗಟ್ಟಿಯಾಗುವ ಮೊದಲೇ, ಉಗುರಿನಿಂದ ಒತ್ತಿದರೆ ಒಳಗೆ ಇಳಿಯುವಂತಿರುವಾಗ ಕೊಯ್ಯಬೇಕು. ಕಾಡಿನ ಎಷ್ಟೋ ಹಳೆಯ ಮರಗಳು ಮಿಡಿಗಾಗಿ ಕೊಂಬೆಯನ್ನೇ ಕಡಿಯುವವರ ಕತ್ತಿಗೆ ಬಲಿಯಾದದ್ದು ನನಗೆ ಇಂದಿಗೂ ಸಂಕಟದ ವಿಷಯ. ಹಿತ್ತಿಲಿನ ಮರದಿಂದ ಒಂದೊಂದೇ ಮಿಡಿಯನ್ನು ಒಂದು ಅಂಗುಲ ತೊಟ್ಟಿನೊಡನೆ ಕತ್ತರಿಸಿ, ನೆಲಕ್ಕೆ ಬೀಳದಂತೆ ಬುಟ್ಟಿಗೆ ಇಳಿಸಬೇಕು. ಬಿದ್ದು ಜಜ್ಜಿದ ಒಂದು ಮಿಡಿ ಭರಣಿಯನ್ನೆಲ್ಲ ಕೆಡಿಸಬಲ್ಲದು. ಅಂದೇ ತೊಳೆದು, ನೀರಪಸೆ ಪೂರ್ತಿ ಆರಿದ ಮೇಲೆ, ತೊಟ್ಟನ್ನು ಕಾಲಂಗುಲದಷ್ಟು ಉಳಿಸಿ ಮುರಿದು, ಸೊನೆಯೂ ಭರಣಿಯೊಳಗೇ ಇಳಿಯುವಂತೆ ಕಲ್ಲುಪ್ಪಿನೊಡನೆ ಪದರಪದರವಾಗಿ ತುಂಬಿ, ಮೇಲೆ ಶುಭ್ರವಾದ ಕಲ್ಲಿನ ಭಾರವಿಡಬೇಕು.