ಕಂಪ್ಯೂಟರ್ ಸದಾ ಆನ್ ಇಡುವ ಬದಲು ಹೈಬರ್ನೇಟ್ ಮಾಡಿ

ತೆರೆದಿಟ್ಟ ಫೈಲು, ಟ್ಯಾಬು ಹಾಗೇ ಇರಲಿ ಅಂತ ಮನೆ ಕಂಪ್ಯೂಟರನ್ನು ರಾತ್ರಿಯೆಲ್ಲ ಆನ್ ಇಡುವವರು ಹೈಬರ್ನೇಟ್ ಮಾಡಿ, ಅಂದರೆ ತೆರೆದದ್ದನ್ನೆಲ್ಲ ಹಾಗೇ ಉಳಿಸಿಕೊಂಡು ಮೆಷಿನ್ ಆಫ್ ಮಾಡಿ. ವಿಂಡೋಸ್‌ನಲ್ಲಿ ಇದು ಸಾಮಾನ್ಯವಾಗಿ ಅಡಗಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಎಡಗಡೆ ಪವರ್ ಬಟನ್‌ಗೆ ಸಂಬಂಧಿಸಿದ ಸಾಲು ಒತ್ತಿ, ಮೇಲಿರುವ 'ಚೇಂಜ್ ಸೆಟ್ಟಿಂಗ್ಸ್' ಒತ್ತಿದರೆ ಕೆಳಗೆ ಹೈಬರ್ನೇಟ್ ಅಂತ ಕಾಣುತ್ತದೆ, ಅದಕ್ಕೆ ಟಿಕ್ ಹಾಕಿ ಸೇವ್ ಮಾಡಿ. ಹೈಬರ್ನೇಟ್ ಕೊಟ್ಟಾಗ ರ್‍ಯಾಮ್‌ನಲ್ಲಿ (ಕರೆಂಟ್ ಇರುವವರೆಗೆ ಮಾತ್ರ ನೆನಪಿಡುವ ತಾತ್ಕಾಲಿಕ ಮೆಮೊರಿ) ಇದ್ದದ್ದೆಲ್ಲ ಡಿಸ್ಕ್‌ಗೆ ಬರೆದು ಮೆಷಿನ್ ಪೂರ್ತಿ ಆಫ್ ಆಗುತ್ತದೆ. ಹಾಗಾಗಿ ನಡುರಾತ್ರಿ ಕರೆಂಟ್ ಹೋದರೂ ಏನೂ ಕಳೆಯುವುದಿಲ್ಲ. ಸ್ಲೀಪ್‌ನಲ್ಲಿ ರ್‍ಯಾಮ್‌ಗೆ ಕರೆಂಟ್ ಬೇಕೇ ಬೇಕು, ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಅದನ್ನು ನಂಬಬೇಡಿ. ಉಳಿತಾಯವೂ ಸಣ್ಣದಲ್ಲ. ಸುಮ್ನೆ ಕೂತಾಗಲೂ 60 ವಾಟ್ ಎಳೆಯುವ ಡೆಸ್ಕ್‌ಟಾಪ್ 24 ಗಂಟೆ ಆನ್ ಇದ್ದರೆ ತಿಂಗಳಿಗೆ ಸುಮಾರು 43 ಯೂನಿಟ್ ಆಗುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಅಲ್ವಾ, ಗಡಿಯಲ್ಲಿ ಇರುವ ಮನೆಗಳಿಗೆ ಇದೇ ಜಾಸ್ತಿ ಮುಖ್ಯ. ಇದು ಎಲ್ಲರಿಗೂ ಹೊಂದುವುದಿಲ್ಲ. ರಾತ್ರಿ ಡೌನ್‌ಲೋಡ್, ಬ್ಯಾಕಪ್ ನಡೆಯಬೇಕಿದ್ದರೆ, ಅಥವಾ ಸಿಸಿ ಕ್ಯಾಮೆರಾ ರೆಕಾರ್ಡಿಂಗ್ ಅದೇ ಮೆಷಿನ್‌ನಲ್ಲಿದ್ದರೆ ಆನ್ ಇಡಲೇಬೇಕು, ಮಾನಿಟರ್ ಮಾತ್ರ ಆಫ್ ಮಾಡಿ. ಸಿ ಡ್ರೈವ್ ಹೆಚ್ಚೂಕಮ್ಮಿ ತುಂಬಿದ್ದರೂ ಕಷ್ಟ, ಹೈಬರ್ನೇಟ್ ಫೈಲ್ ಕೆಲವು ಜಿಬಿ ಜಾಗ ತಿನ್ನುತ್ತದೆ. ಇನ್ನೊಂದು, ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ. ಇಲ್ಲದಿದ್ದರೆ ಅಪ್‌ಡೇಟ್‌ಗಳು ಅರ್ಧಕ್ಕೇ ನಿಂತಿರುತ್ತವೆ.